ಹಂಚಿನ ಮೇಲೆ ಮಳೆ, ಕೆಳಗೆ ಮೂವತ್ತು ಮಕ್ಕಳು: ಹೊಸ ಶಿಕ್ಷಕರಿಗೆ ತರಗತಿ ನಿಭಾಯಿಸುವ ದಾರಿ

ಜೂನ್‌ನಲ್ಲಿ ಮಲೆನಾಡಿನ ಶಾಲೆಗೆ ಹೊಸದಾಗಿ ಬಂದವರಿಗೆ ಮೊದಲು ಕೈಕೊಡುವುದು ಗಂಟಲು. ಮೊದಲ ವಾರ ಮಕ್ಕಳ ಗಲಾಟೆಗಿಂತ ಜೋರಾಗಿ ಕೂಗುತ್ತಾರೆ. ಎರಡನೇ ವಾರ ಮಳೆ ಹಿಡಿಯುತ್ತದೆ. ಹಂಚಿನ ಮಾಡಿನ ಮೇಲೆ, ಅದಕ್ಕಿಂತ ಜಾಸ್ತಿ ತಗಡಿನ ಶೀಟಿನ ಮೇಲೆ, ಜಡಿಮಳೆ ಹೊಯ್ಯಲು ಶುರುವಾದರೆ ಎದುರಿಗೆ ನಿಂತವರ ಮಾತೂ ಕೇಳುವುದಿಲ್ಲ. ಅದರ ಮೇಲೂ ಕೂಗಿ ಕೂಗಿ ಮೂರನೇ ವಾರಕ್ಕೆ ದನಿ ಬಿದ್ದುಹೋಗಿರುತ್ತದೆ. ಕೈ ತನ್ನಷ್ಟಕ್ಕೇ ಬೆತ್ತ ಹುಡುಕತೊಡಗುತ್ತದೆ.

ನಾನು ತೀರ್ಥಹಳ್ಳಿ, ಹೊಸನಗರ ಕಡೆಯ ಸಣ್ಣ ಸಣ್ಣ ಶಾಲೆಗಳಲ್ಲೇ ಬಹಳ ವರ್ಷ ಪಾಠ ಮಾಡಿದವಳು. ಅತಿಥಿ ಶಿಕ್ಷಕರಾಗಿ ಬಂದವರು, ಬಯಲುಸೀಮೆಯಿಂದ ಮೊದಲ ಸಲ ಇಲ್ಲಿಗೆ ಪೋಸ್ಟಿಂಗ್ ಆದವರು, ಎಲ್ಲರೂ ಕೇಳುವುದು ಒಂದೇ: “ಇವರನ್ನು ಸುಮ್ನೆ ಕೂರಿಸೋದು ಹೇಗೆ ಟೀಚರ್?” ನಾನು ಅವರಿಗೆ ಹೇಳುವುದೂ ಒಂದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಸುತ್ತಮುತ್ತಲ ಊರುಗಳಲ್ಲೂ ಮಳೆಗೆ ಬರವಿಲ್ಲ. ಮಳೆ ನಿಮ್ಮ ದನಿಯನ್ನು ಹೇಗೂ ಕಿತ್ತುಕೊಳ್ಳುತ್ತದೆ. ಅದಕ್ಕೇ ದನಿ ಇಲ್ಲದೆ ನಡೆಯುವ ತರಗತಿಯನ್ನು ಜೂನ್ ತಿಂಗಳಲ್ಲೇ ಕಟ್ಟಿಕೊಳ್ಳಿ. ಹೇಗೆ ಕಟ್ಟುವುದು ಅಂತ ನನಗೆ ತಿಳಿದಷ್ಟನ್ನು ಕ್ರಮವಾಗಿ ಬರೆಯುತ್ತೇನೆ.

1. ಮಕ್ಕಳು ಬರುವ ಮುಂಚೆ ಕೋಣೆ ನೋಡಿ

ಒಂದು ದಿನ ಮೊದಲೇ ಹೋಗಿ ನಿಮ್ಮ ತರಗತಿಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಕುರ್ಚಿ ಬಿಟ್ಟು ಮಕ್ಕಳು ಕೂರುವ ಜಾಗದಲ್ಲೇ ಕೂರಿ. ಯಾವ ಮೂಲೆಯಿಂದ ಬೋರ್ಡ್ ಹೊಳೆದು ಅಕ್ಷರ ಕಾಣುವುದಿಲ್ಲ, ಯಾವ ಹಂಚು ಒಡೆದಿದೆ, ಯಾವ ಕಿಟಕಿಯಿಂದ ಎರಚಲು ಹೊಡೆಯುತ್ತದೆ ಅಂತ ಗುರುತು ಹಾಕಿಕೊಳ್ಳಿ. ಸೋರುವ ಜಾಗದಲ್ಲಿ ಕೂತ ಹುಡುಗ ಪಕ್ಕದವನನ್ನು ತಳ್ಳದೆ ಇನ್ನೇನು ಮಾಡುತ್ತಾನೆ? ತಳ್ಳಾಟ ಅಂತ ನಾವು ಬೈಯುವ ಎಷ್ಟೋ ಜಗಳಗಳ ಮೂಲ ಮಾಡಿನಿಂದ ಬೀಳುವ ಒಂದು ಹನಿ. ಅಲ್ಲೊಂದು ಬಕೆಟ್ ಇಡಿ, ಬೆಂಚನ್ನು ಎರಡು ಅಡಿ ಸರಿಸಿ.

ನೀವು ಓಡಾಡಲು ದಾರಿ ಬಿಟ್ಟುಕೊಳ್ಳಿ. ಕೊನೆಯ ಸಾಲಿನ ಮಗುವಿನ ಪಕ್ಕಕ್ಕೂ ನಾಲ್ಕೈದು ಹೆಜ್ಜೆಯಲ್ಲಿ ಹೋಗಿ ನಿಲ್ಲುವಂತಿರಬೇಕು. ಇದು ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಅಡುಗೆ ಕೋಣೆಗೆ ಹೋಗಿ. ಬಿಸಿಯೂಟ ಮಾಡುವ ಅಕ್ಕಂದಿರಿಗೆ ಮಕ್ಕಳ ಬಗ್ಗೆ ಗೊತ್ತಿರುವಷ್ಟು ಹಾಜರಿ ಪುಸ್ತಕಕ್ಕೆ ಗೊತ್ತಿರುವುದಿಲ್ಲ. ಯಾರು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬರುತ್ತಾರೆ, ಯಾರ ಮನೆಯಲ್ಲಿ ಅಜ್ಜಿ ಮಾತ್ರ ಇದ್ದಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತು. ಮಕ್ಕಳು ಬರುವ ದಾರಿಯನ್ನೂ ಕೇಳಿಕೊಳ್ಳಿ. ಒಬ್ಬಳು ಕಾಡಿನ ಕಾಲುದಾರಿಯಲ್ಲಿ ಮೂರು ಕಿಲೋಮೀಟರ್ ನಡೆದು ಬರುತ್ತಾಳೆ. ಇನ್ನೊಬ್ಬ ಹಳ್ಳಕ್ಕೆ ಹಾಕಿದ ಕಾಲುಸಂಕ ದಾಟಿ ಬರುತ್ತಾನೆ. ಮತ್ತೊಬ್ಬನಿಗೆ ಇರುವುದು ಒಂದೇ ಬಸ್ಸು, ಅದು ಬರುವುದೇ ತಡ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಮುಂಚೆ ನೀವು ಆ ದಾರಿಯಲ್ಲಿ ಒಮ್ಮೆ ನಡೆದು ನೋಡಬೇಕು.

ಹಿಂದಿನ ವರ್ಷದವರು “ಆ ಹುಡುಗ ಸರಿ ಇಲ್ಲ, ನೋಡ್ಕೊಳ್ಳಿ” ಅಂದರೆ ಕೇಳಿಸಿಕೊಳ್ಳಿ, ಅಲ್ಲೇ ಬಿಡಿ. ಆ ಹುಡುಗನಿಗೂ ಜೂನ್ ಹೊಸದಾಗಿ ಶುರುವಾಗಲಿ.

2. ಮೂರು ದಿನದಲ್ಲಿ ಎಲ್ಲರ ಹೆಸರು

“ಏಯ್, ನೀಲಿ ಅಂಗಿ” ಅಂದರೆ ನಾಲ್ಕು ಜನ ತಿರುಗುತ್ತಾರೆ, ಯಾರೂ ಸುಮ್ಮನಾಗುವುದಿಲ್ಲ. ಹೆಸರು ಹಿಡಿದು ಮೆತ್ತಗೆ ಕರೆದರೆ ಒಬ್ಬನೇ ತಿರುಗುತ್ತಾನೆ. ಹಾಜರಿ ಕರೆಯುವಾಗ ದಿನಕ್ಕೊಂದು ಸಣ್ಣ ಪ್ರಶ್ನೆ ಕೇಳಿ. ಮೊದಲ ದಿನ, ನಿಮ್ಮನೆ ನಾಯಿ ಹೆಸರೇನು? ಎರಡನೇ ದಿನ, ಶಾಲೆಗೆ ಬರುವಾಗ ದಾರಿಯಲ್ಲಿ ಏನು ಕಂಡೆ? “ಯೆಸ್ ಮಿಸ್” ಬದಲು ಉತ್ತರ ಹೇಳಲಿ. ನಾಯಿ ಹೆಸರಿನ ಜೊತೆ ಮಗುವಿನ ಹೆಸರೂ ನಿಮ್ಮ ತಲೆಯಲ್ಲಿ ಕೂರುತ್ತದೆ. ನಮ್ಮ ಕಡೆ ಜನರನ್ನು ಗುರುತಿಸುವುದು ಮನೆ ಹೆಸರಿನಿಂದ, ಕೇರಿ ಹೆಸರಿನಿಂದ. ಅದನ್ನೂ ಬರೆದಿಟ್ಟುಕೊಳ್ಳಿ. ಮಕ್ಕಳು ತಮ್ಮತಮ್ಮಲ್ಲಿ ಇಟ್ಟುಕೊಂಡ ಅಡ್ಡಹೆಸರನ್ನು ಮಾತ್ರ ನೀವು ಯಾವತ್ತೂ ಬಾಯಿಗೆ ತರಬೇಡಿ.

ಇನ್ನೊಂದು ಮಾತು. ಕೊಪ್ಪಳದಿಂದಲೋ ವಿಜಯಪುರದಿಂದಲೋ ಬಂದ ಶಿಕ್ಷಕರ ಕನ್ನಡ ಕೇಳಿ ಇಲ್ಲಿಯ ಮಕ್ಕಳು ಕಿಸಕ್ಕನೆ ನಗುತ್ತಾರೆ. ಅವಮಾನ ಅಂತ ಸಿಟ್ಟಾಗಬೇಡಿ. ಬೋರ್ಡಿನ ಮೂಲೆಯಲ್ಲಿ ದಿನಾ ಎರಡು ಪದ ಬರೆಸಿ, ಒಂದು ನಿಮ್ಮೂರಿನದು, ಒಂದು ಅವರದು. ಒಂದು ವಾರದಲ್ಲಿ ನಗು ಹೋಗಿ “ನಿಮ್ಮೂರಲ್ಲಿ ಇದಕ್ಕೇನಂತಾರೆ?” ಅಂತ ಅವರೇ ಕೇಳುತ್ತಾರೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಷ್ಟೋ ಮಕ್ಕಳ ಮನೆಮಾತು ಕನ್ನಡ ಇರುವುದಿಲ್ಲ. ಕೊಂಕಣಿ, ತುಳು, ಉರ್ದು ಇರುತ್ತದೆ, ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ, ಭದ್ರಾವತಿ ಕಡೆ ತಮಿಳು. ಹೇಳಿದ ಮಾತು ಕೇಳದ ಮಗು ಹಟಮಾರಿ ಅಂದುಕೊಳ್ಳುವ ಮುಂಚೆ ನಿಮ್ಮ ಮಾತು ಅದಕ್ಕೆ ಅರ್ಥ ಆಯಿತಾ ಅಂತ ನೋಡಿ.

3. ಮೊದಲ ಹತ್ತು ದಿನ ಪಾಠಕ್ಕಿಂತ ರೂಢಿ ಮುಖ್ಯ

ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಮೊದಲ ದಿನ ಗೋಡೆಗೆ ಹತ್ತು ನಿಯಮದ ಚಾರ್ಟ್ ಅಂಟಿಸುತ್ತಾರೆ, “ಶಿಸ್ತಿನಿಂದ ಇರಬೇಕು” ಅಂತ ಬರೆಯುತ್ತಾರೆ, ಎರಡನೇ ದಿನವೇ ಪಾಠ ಶುರು ಮಾಡುತ್ತಾರೆ. ಶಿಸ್ತು ಅಂದರೆ ಏನು ಮಾಡಬೇಕು ಅಂತ ಏಳು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಛತ್ರಿ ಎಲ್ಲಿಡಬೇಕು, ಪೆನ್ಸಿಲ್ ಮುರಿದರೆ ಏನು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ. ಅದನ್ನು ಕಲಿಸಿ.

ಮಳೆಗಾಲದ ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ಮೂವತ್ತು ಮಕ್ಕಳು ಒಟ್ಟಿಗೆ ಜಗಲಿಗೆ ನುಗ್ಗುತ್ತಾರೆ. ಮೂವತ್ತು ಛತ್ರಿ, ಮೂವತ್ತು ಜೊತೆ ಕೆಸರು ಚಪ್ಪಲಿ. ಯಾರದೋ ಛತ್ರಿಯ ಕಡ್ಡಿ ಇನ್ಯಾರದೋ ಕಣ್ಣಿನ ಹತ್ತಿರ. ಒಬ್ಬ ಛತ್ರಿ ಕೊಡವಿ ಪಕ್ಕದವಳ ಲಂಗ ಒದ್ದೆ ಮಾಡುತ್ತಾನೆ, ಅವಳು ಚೀರುತ್ತಾಳೆ. ಇನ್ನೊಬ್ಬನ ಕಾಲಿಗೆ ಇಂಬಳ (ರಕ್ತ ಹೀರುವ ಜಿಗಣೆ) ಹತ್ತಿದೆ, ಅದನ್ನು ನೋಡಲು ಹತ್ತು ಜನ. ದಿನದ ಅರ್ಧ ಜಗಳ ಈ ಹತ್ತು ನಿಮಿಷದಲ್ಲಿ ಹುಟ್ಟಿ ಒಳಗೆ ಬರುತ್ತದೆ.

ನಾನು ಮಾಡುತ್ತಿದ್ದದ್ದು ಹೀಗೆ. ಜಗಲಿಯ ಕಂಬದಿಂದ ಕಂಬಕ್ಕೆ ಒಂದು ಹಗ್ಗ. ಅದಕ್ಕೆ ಒಂದೊಂದು ಅಡಿಗೆ ನಂಬರ್ ಚೀಟಿ, ಪ್ರತಿ ಮಗುವಿಗೂ ಅದರ ನಂಬರ್. ಮಗು ಮಾಡಿನ ಅಂಚಿನಲ್ಲಿ ಹೊರಗಡೆ ಮುಖ ಮಾಡಿ ಛತ್ರಿ ಮುಚ್ಚಬೇಕು, ಎರಡು ಸಲ ಕೊಡವಬೇಕು, ತನ್ನ ನಂಬರಿಗೆ ತೂಗುಹಾಕಬೇಕು. ಚಪ್ಪಲಿ ಗೋಡೆಯ ಬುಡಕ್ಕೆ, ಜೋಡಿಯಾಗಿ. ಗೋಣಿಚೀಲದ ಮೇಲೆ ಕಾಲು ಒರೆಸಿ ಒಳಗೆ. ಒದ್ದೆ ಸ್ವೆಟರ್ ಹಿಂದಿನ ದಾರದ ಮೇಲೆ. ಕೂತ ತಕ್ಷಣ ಬೋರ್ಡಿನಲ್ಲಿ ಬರೆದಿರುವ ಕೆಲಸ: ಎರಡು ಲೆಕ್ಕ, ಇಲ್ಲವೇ ನಾಲ್ಕು ಸಾಲು ಓದು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ ಹೆಸರು ಹಿಡಿದು ಒಳಗೆ ಬಿಡುತ್ತಿದ್ದೆ. ಆ ಒಂದು ನೋಟದಲ್ಲೇ ಯಾರಿಗೆ ಜ್ವರ, ಯಾರು ಅತ್ತು ಬಂದಿದ್ದಾರೆ ಅನ್ನುವುದು ತಿಳಿಯುತ್ತದೆ. ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಉಪ್ಪು, ಸ್ವಲ್ಪ ಹತ್ತಿ. ಇಂಬಳಕ್ಕೆ ಉಪ್ಪು ಹಾಕಿದರೆ ಉದುರುತ್ತದೆ. ಅದನ್ನು ಹಾಕುವ ಜವಾಬ್ದಾರಿ ಇಬ್ಬರು ದೊಡ್ಡ ಮಕ್ಕಳಿಗೆ, ಉಳಿದವರು ಸುತ್ತ ಸೇರುವಂತಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಮೊದಲು ನೀವೇ ಛತ್ರಿ ಹಿಡಿದು ಮಾಡಿ ತೋರಿಸಿ. ಆಮೇಲೆ ಒಬ್ಬರಿಂದ ಮಾಡಿಸಿ, ಆಮೇಲೆ ಐದೈದು ಜನರಿಂದ. ತಪ್ಪಿದವರಿಗೆ “ಇನ್ನೊಂದ್ಸಲ ಹೊರಗೆ ಹೋಗಿ ಬಾ” ಅನ್ನಿ. ಕೋಪ ಬೇಡ, ಸೈಕಲ್ ಕಲಿಸುವಾಗ ಬಿದ್ದರೆ ಮತ್ತೆ ಹತ್ತಿಸುವ ಹಾಗೆ. ಮೊದಲ ದಿನ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಪಾಠ ಹಾಳಾಯಿತಲ್ಲ ಅನ್ನಿಸುತ್ತದೆ. ಹತ್ತನೇ ದಿನಕ್ಕೆ ಐದು ನಿಮಿಷಕ್ಕೆ ಬರುತ್ತದೆ. ಕಳೆದ ಹೊತ್ತನ್ನು ವರ್ಷವಿಡೀ ವಾಪಸ್ ಪಡೆಯುತ್ತೀರಿ.

ಊಟಕ್ಕೆ ಕೈ ತೊಳೆಯುವ ಸಾಲು, ಬೆಳಗಿನ ಹಾಲಿನ ಲೋಟ ತೊಳೆದಿಡುವುದು, ನೋಟ್‌ಬುಕ್ ಹಂಚುವುದು, ಎಲ್ಲವನ್ನೂ ಹೀಗೇ ಒಂದೊಂದಾಗಿ ಕಲಿಸಿ. ಒಟ್ಟಿಗೆ ಬೇಡ, ಎರಡು ದಿನಕ್ಕೊಂದು. “ಮಿಸ್, ಪೆನ್ಸಿಲ್ ಇಲ್ಲ” ಅನ್ನುವ ಮಾತು ಎಷ್ಟು ಪಾಠಗಳನ್ನು ನುಂಗಿದೆಯೋ ಲೆಕ್ಕವಿಲ್ಲ. ಒಂದು ಲೋಟದಲ್ಲಿ ಐದು ಪೆನ್ಸಿಲ್ ಇಡಿ. ಕೇಳದೆ ತೆಗೆದುಕೊಳ್ಳಲಿ, ಸಂಜೆ ವಾಪಸ್ ಇಡಲಿ.

ಜೇಕಬ್ ಕೌನಿನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ತರಗತಿಗಳನ್ನು ವರ್ಷಗಟ್ಟಲೆ ಗಮನಿಸಿ 1970ರಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದ. ಮಕ್ಕಳು ತಪ್ಪು ಮಾಡಿದ ಮೇಲೆ ಶಿಕ್ಷಕರು ಹೇಗೆ ಗದರಿಸುತ್ತಾರೆ ಅನ್ನುವುದರಲ್ಲಿ ಒಳ್ಳೆಯ ತರಗತಿಗೂ ಗಲಾಟೆ ತರಗತಿಗೂ ಹೇಳಿಕೊಳ್ಳುವ ವ್ಯತ್ಯಾಸ ಅವನಿಗೆ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪು ಆಗುವ ಮುಂಚೆ. ಕೋಣೆಯ ಎಲ್ಲ ಮೂಲೆಯ ಮೇಲೂ ಕಣ್ಣಿಟ್ಟವರು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ಸಾಗಿಸುವವರು, ಅವರ ತರಗತಿ ಚೆನ್ನಾಗಿ ನಡೆಯುತ್ತಿತ್ತು. ನಮ್ಮ ಜಗಲಿಯ ಹಗ್ಗಕ್ಕೂ ಅವನ ಮಾತಿಗೂ ದೂರ ಇಲ್ಲ ಅಂತ ನನಗನ್ನಿಸುತ್ತದೆ.

4. ದನಿ ಎತ್ತದೆ ಗಮನ ಸೆಳೆಯುವುದು

ಒಂದೇ ಸೂಚನೆ ಇಟ್ಟುಕೊಳ್ಳಿ. ನಾನು ಬಲಗೈ ಎತ್ತುತ್ತಿದ್ದೆ. ನೋಡಿದ ಮಗು ಬಾಯಿ ಮುಚ್ಚಿ ತಾನೂ ಕೈ ಎತ್ತಬೇಕು, ಪಕ್ಕದವರಿಗೆ ತೋರಿಸಬೇಕು. ಬಿಸಿಲಿನ ದಿನ ಚಪ್ಪಾಳೆಯ ತಾಳವೂ ಆಗುತ್ತದೆ. ಜಡಿಮಳೆಯಲ್ಲಿ ಕಣ್ಣಿಗೆ ಕಾಣುವ ಸೂಚನೆಯೇ ಬೇಕು.

ಇದರಲ್ಲಿ ಕಷ್ಟದ ಭಾಗ ನಿಮ್ಮದೇ. ಕೈ ಎತ್ತಿದ ಮೇಲೆ ಕೊನೆಯ ಮಗು ಸುಮ್ಮನಾಗುವವರೆಗೂ ನೀವು ಬಾಯಿ ತೆರೆಯುವಂತಿಲ್ಲ. ಇಪ್ಪತ್ತು ಜನ ಸುಮ್ಮನಾದರು, ಸಾಕು ಅಂತ ಮಾತು ಶುರು ಮಾಡಿದಿರೋ, ಉಳಿದ ಹತ್ತು ಜನಕ್ಕೆ ಈ ಸೂಚನೆ ತಮಗಲ್ಲ ಅಂತ ಗೊತ್ತಾಗಿಬಿಡುತ್ತದೆ. ಮೊದಲ ವಾರ ನಿಂತೇ ಇರಬೇಕಾಗುತ್ತದೆ. ನಿಲ್ಲಿ. ಎಲ್ಲ ಸುಮ್ಮನಾದ ಮೇಲೆ ಮೆತ್ತಗೆ ಮಾತಾಡಿ. ನೀವು ದನಿ ಇಳಿಸಿದರೆ ಅವರೂ ಇಳಿಸುತ್ತಾರೆ.

ಮಳೆ ತೀರಾ ಜೋರಾದರೆ ಮಳೆಯ ಜೊತೆ ಪಂದ್ಯಕ್ಕೆ ಇಳಿಯಬೇಡಿ. ಅಂಥ ಹೊತ್ತಿಗೆಂದೇ ಬೇರೆ ಕೆಲಸ ಇಟ್ಟುಕೊಂಡಿರಿ: ನಕ್ಷೆ ಬಿಡಿಸುವುದು, ಜೋಡಿಯಲ್ಲಿ ಲೆಕ್ಕ, ಒಬ್ಬೊಬ್ಬರೇ ಕತೆ ಓದಿಕೊಳ್ಳುವುದು. ನೀವು ಸಾಲಿನ ನಡುವೆ ಓಡಾಡುತ್ತ ಒಬ್ಬೊಬ್ಬರ ಕಿವಿಯ ಹತ್ತಿರ ಬಗ್ಗಿ ತಿದ್ದಿ. ನಾನು ಎಷ್ಟೋ ಮಕ್ಕಳನ್ನು ಸರಿಯಾಗಿ ಅರಿತದ್ದು ಅಂಥ ಹೊತ್ತಿನಲ್ಲೇ.

ಪ್ರಶ್ನೆ ಕೇಳಿದಾಗ ಎಲ್ಲರೂ ಒಟ್ಟಿಗೆ “ನಾನು ಮಿಸ್, ನಾನು ಮಿಸ್” ಅಂತ ಕಿರುಚುತ್ತಾರಲ್ವಾ? ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಒಬ್ಬರ ಹೆಸರು ಹೇಳಿ. ಶಿಕ್ಷಕರು ಉತ್ತರಕ್ಕೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಜಾಸ್ತಿ ಮಕ್ಕಳು ಉತ್ತರಿಸುತ್ತಾರೆ, ಉತ್ತರವೂ ಉದ್ದವಾಗುತ್ತದೆ ಅಂತ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದಾರೆ. ಹಿಂದಿನ ಬೆಂಚಿನ ಮೌನದ ಹುಡುಗಿ ಬಾಯಿ ಬಿಡುವುದು ಆ ಮೂರನೇ ಸೆಕೆಂಡಿನಲ್ಲಿ.

5. ಖಾಲಿ ಕೈ ಇರದ ಹಾಗೆ ನೋಡಿಕೊಳ್ಳಿ

ನಮ್ಮ ಕಡೆಯ ಸಣ್ಣ ಶಾಲೆಗಳಲ್ಲಿ ಒಬ್ಬರೇ ಎರಡು ಮೂರು ತರಗತಿ ನೋಡುವುದು ಮಾಮೂಲು. 1ರಿಂದ 3ನೇ ತರಗತಿಗೆ ನಲಿ-ಕಲಿ ಇದೆ, ಬೇರೆ ಬೇರೆ ಹಂತದ ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡ್ ಹಿಡಿದು ಕೆಲಸ ಮಾಡುವುದು ಅಲ್ಲಿ ಕಟ್ಟಲ್ಪಟ್ಟೇ ಬಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ಈ ಪದ್ಧತಿಯಿಂದ 4, 5ನೇ ತರಗತಿಯ ಶಿಕ್ಷಕರೂ ಕಲಿಯಬೇಕಾದದ್ದು ಇದೆ. ನೀವು ಒಂದು ಗುಂಪಿಗೆ ಕಲಿಸುವಾಗ ಇನ್ನೊಂದು ಗುಂಪಿಗೆ ನಿಮ್ಮ ಸಹಾಯ ಬೇಡದ ಕೆಲಸ ಇರಬೇಕು.

ಕ್ರಮ ಮರೆಯಬೇಡಿ: ಮೊದಲು ತಾವಾಗಿ ಮಾಡುವ ಗುಂಪಿಗೆ ಕೆಲಸ ಕೊಡಿ, ಅವರು ಶುರು ಮಾಡಿದ್ದು ಕಣ್ಣಾರೆ ನೋಡಿ, ಆಮೇಲೆ ಇನ್ನೊಂದು ಗುಂಪಿಗೆ ಬನ್ನಿ. ಬೇಗ ಮುಗಿಸುವ ಮಕ್ಕಳಿಗೆ ಒಂದು ಪೆಟ್ಟಿಗೆ ಇಡಿ. ಅದರಲ್ಲಿ ಒಗಟಿನ ಚೀಟಿ, ಕತೆ ಪುಸ್ತಕ, ಅಳತೆ ಟೇಪು ಇರಲಿ. ಚುರುಕು ಮಗು ಐದು ನಿಮಿಷ ಖಾಲಿ ಕೂತರೆ ಮುಂದಿನ ಜಡೆ ಎಳೆಯುವುದು ಗ್ಯಾರಂಟಿ.

6. ಆದರೂ ಗಲಾಟೆ ಶುರುವಾದರೆ

ಸಣ್ಣದಕ್ಕೆ ಸಣ್ಣ ಮದ್ದು. ಮೊದಲು ಬರೀ ನೋಡಿ. ಸಾಲದಿದ್ದರೆ ಪಾಠ ನಿಲ್ಲಿಸದೆ ಮಾತಾಡುತ್ತಲೇ ಆ ಮಗುವಿನ ಪಕ್ಕ ಹೋಗಿ ನಿಲ್ಲಿ. ಮೊದಲೇ ಓಡಾಡಲು ಬಿಟ್ಟುಕೊಂಡ ದಾರಿ ಇದಕ್ಕೇ. ಅದಕ್ಕೂ ಬಗ್ಗದಿದ್ದರೆ ಬಗ್ಗಿ, ಅವನಿಗಷ್ಟೇ ಕೇಳುವ ಹಾಗೆ ಏನು ಮಾಡಬೇಕು ಅನ್ನುವುದನ್ನು ಹೇಳಿ: “ಮೂರನೇ ಲೆಕ್ಕ ಮಾಡು, ನಾನು ಈಗ ಬಂದು ನೋಡ್ತೀನಿ.” ಹೇಳಿ ಅಲ್ಲಿಂದ ಸರಿದುಬಿಡಿ. ಎದುರೇ ನಿಂತರೆ ಅವನಿಗೆ ಸೋಲಿನ ಹಾಗೆ ಆಗುತ್ತದೆ, ಸರಿದರೆ ಮಾಡುತ್ತಾನೆ. ಇನ್ನೂ ಮುಂದುವರಿದರೆ ಜಾಗ ಬದಲಿಸಿ, ಬಿಡುವಿನಲ್ಲಿ ಒಬ್ಬನನ್ನೇ ಕೂರಿಸಿ ಮಾತಾಡಿ. ಹೊಡೆದಾಟ, ಕಲ್ಲು, ಕತ್ತರಿ ಇಂಥದ್ದಾದರೆ ಇದ್ಯಾವುದೂ ಇಲ್ಲ, ತಕ್ಷಣ ಬಿಡಿಸಿ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ. ವಿಚಾರಣೆ ಸಿಟ್ಟು ಇಳಿದ ಮೇಲೆ.

“ಯಾಕೆ ಹೀಗೆ ಮಾಡಿದೆ?” ಅಂತ ಕೇಳಿದರೆ ಮಗು ತಲೆ ತಗ್ಗಿಸುತ್ತದೆ, ಅಷ್ಟೇ. “ಏನಾಯ್ತು ಹೇಳು” ಅಂದರೆ ಹೇಳುತ್ತದೆ.

ಇದನ್ನು ನಾನು ಕಲಿತದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ಅದು ನವೆಂಬರ್, ಅಡಿಕೆ ಕೊಯ್ಲಿನ ಕಾಲ. ಆರನೇ ತರಗತಿಯ ಹುಡುಗನೊಬ್ಬ ಬೆಂಚಿಗೆ ತಲೆ ಆನಿಸಿ ಮಲಗಿದ್ದ. ಎರಡು ಸಲ ಎಬ್ಬಿಸಿದೆ. ಮೂರನೇ ಸಲ ನನಗೆ ರೇಗಿತು. “ರಾತ್ರಿಯೆಲ್ಲ ಏನು ಕಳ್ಳತನಕ್ಕೆ ಹೋಗಿದ್ಯಾ?” ಅಂತ ಎಲ್ಲರೆದುರು ಕೇಳಿದೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ಜಾಮಿಟ್ರಿ ಬಾಕ್ಸ್ ಎತ್ತಿ ನೆಲಕ್ಕೆ ಬಡಿದ. ನಾನು ಅವನನ್ನು ಹೊರಗೆ ನಿಲ್ಲಿಸಿದೆ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ.

ಮೂರನೇ ದಿನ ಸಂಜೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಅದರ ಕೆಳಗೆ ಹಸಿ ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಮನೆಮಂದಿ ಸುಲಿಯುತ್ತಿದ್ದರು. ಆ ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಇವನು ಅಮ್ಮನ ಪಕ್ಕ ಕೂತು ಸುಲಿದ ಅಡಿಕೆ ಆರಿಸುತ್ತಿದ್ದ. ನನ್ನನ್ನು ಕಂಡು ಕೈ ಹಿಂದಕ್ಕೆ ಮರೆಮಾಡಿದ. ಬೆರಳೆಲ್ಲ ಅಡಿಕೆಯ ಕಲೆ ಹತ್ತಿ ಕಪ್ಪಾಗಿದ್ದವು. ಆ ಕೈ ವಾರದಿಂದ ನನ್ನೆದುರಿಗೇ ಇತ್ತು, ನಾನು ನೋಡಿರಲಿಲ್ಲ. ರಾತ್ರಿ ಹನ್ನೊಂದಾದರೂ ಅವನು ಮಲಗುತ್ತಿರಲಿಲ್ಲ ಅಂತ ಆಗ ತಿಳಿಯಿತು.

ಅಲ್ಲೇ, ಅಪ್ಪ ಅಮ್ಮನ ಎದುರಿಗೇ, “ನಾನು ಹಾಗೆ ಹೇಳಬಾರದಿತ್ತು, ತಪ್ಪಾಯ್ತು” ಅಂದೆ. ಒಂಬತ್ತು ಗಂಟೆಗೆ ಅವನನ್ನು ಮಲಗಲು ಕಳಿಸಿ ಅಂತ ಕೇಳಿಕೊಂಡೆ, ಒಪ್ಪಿದರು. ಕೊಯ್ಲು ಮುಗಿಯುವವರೆಗೆ ಅವನಿಗೆ ಹೋಮ್‌ವರ್ಕ್ ಕೊಡಲಿಲ್ಲ. ಊಟ ಆದ ಮೇಲೆ ಇಪ್ಪತ್ತು ನಿಮಿಷ ಕೋಣೆಯ ಹಿಂದೆ ಚಾಪೆ ಮೇಲೆ ಮಲಗಿಕೊಳ್ಳುತ್ತಿದ್ದ. ಆ ವರ್ಷ ಅವನು ಆಮೇಲೂ ಕೆಲವು ದಿನ ತೂಕಡಿಸಿದ. ಡಬ್ಬಿ ಬಡಿಯಲಿಲ್ಲ.

ಅದಕ್ಕೇ ಹೊಸಬರಿಗೆ ಹೇಳುತ್ತೇನೆ: ಬೈಯುವ ಮುಂಚೆ ಮಗುವಿನ ಕೈ ನೋಡಿ, ಕಣ್ಣು ನೋಡಿ. ಹೊಟ್ಟೆಗೆ ಏನು ಬಿದ್ದಿದೆ ಕೇಳಿ. ಎಲ್ಲರೆದುರು ನಗೆಪಾಟಲು ಮಾಡಬೇಡಿ. ನೀವು ತಪ್ಪು ಮಾಡಿದ್ದರೆ ಒಪ್ಪಿಕೊಳ್ಳಿ, ಅದರಿಂದ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ.

7. ಬೆತ್ತದ ಬಗ್ಗೆ

ಕಾನೂನು ಸ್ಪಷ್ಟ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆಯಾಗಲಿ ಮಾನಸಿಕ ಹಿಂಸೆಯಾಗಲಿ ಕೊಡುವಂತಿಲ್ಲ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತು ಕ್ರಮ ಆಗುತ್ತದೆ. ಹೊಡೆತ ಅಂದರೆ ಬೆತ್ತ ಮಾತ್ರ ಅಂದುಕೊಳ್ಳಬೇಡಿ. ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಮಳೆಯಲ್ಲಿ ಹೊರಗೆ ನಿಲ್ಲಿಸುವುದು, ಮನೆತನ ಹಿಡಿದು, ಜಾತಿ ಹಿಡಿದು ಮಾತಾಡುವುದು, ಇವೂ ಕೂಡದು. ಹಿಂದಿನ ಹೆಜ್ಜೆಯಲ್ಲಿ ನಾನು ಹೇಳಿದ ನನ್ನ ಮಾತೂ ಅದರಲ್ಲೇ ಬರುತ್ತದೆ.

ಪೋಷಕರೇ ಬಂದು “ಎರಡು ಬಿಡಿ ಸಾರ್, ನಾವೂ ಹಂಗೇ ಕಲ್ತಿದ್ದು” ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ವಾದ ಬೇಡ. “ಹೊಡೆಯದೇನೇ ಕಲಿಸ್ತೀನಿ, ಒಂದು ತಿಂಗಳು ನೋಡಿ” ಅನ್ನಿ. ಹೊಡೆದರೆ ಆ ಗಳಿಗೆಗೆ ಸುಮ್ಮನಾಗುತ್ತಾರೆ, ನಿಜ. ಆದರೆ ನೀವು ಬೆನ್ನು ತಿರುಗಿಸಿದ ತಕ್ಷಣ ಏನಾಗುತ್ತದೆ ನೋಡಿ. ಹೊಡೆತ ತಿಂದ ಮಕ್ಕಳು ನಿಮ್ಮ ಹೆಜ್ಜೆಯ ಸದ್ದಿಗೆ ಕಿವಿ ಕೊಡುವುದನ್ನು ಕಲಿಯುತ್ತಾರೆ, ಪಾಠಕ್ಕಲ್ಲ.

ತಪ್ಪಿಗೆ ಪರಿಣಾಮ ಬೇಡವೇ? ಬೇಕು. ಚೆಲ್ಲಿದವನು ಒರೆಸಲಿ. ಹರಿದವನು ಅಂಟಿಸಲಿ. ನೋಯಿಸಿದವನು ನೋವಾದವರ ಹತ್ತಿರ ಹೋಗಿ ಮಾತಾಡಲಿ. ಒಬ್ಬನ ತಪ್ಪಿಗೆ ಇಡೀ ತರಗತಿಯ ಆಟದ ಪಿರಿಯಡ್ ಕಿತ್ತುಕೊಳ್ಳುವುದು ಮಾತ್ರ ಅನ್ಯಾಯ, ಅದನ್ನು ಮಕ್ಕಳು ವರ್ಷಗಟ್ಟಲೆ ಮರೆಯುವುದಿಲ್ಲ.

8. ಎಂಟು, ಒಂಬತ್ತು, ಹತ್ತನೇ ತರಗತಿ

ಮೀಸೆ ಚಿಗುರುವ ವಯಸ್ಸಿನವರಿಗೆ ಗೆಳೆಯರೆದುರು ಮುಖ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡದು. ಎಲ್ಲರೆದುರು ಮಾತಿಗೆ ಮಾತು ಬೆಳೆಸಬೇಡಿ. “ಪಿರಿಯಡ್ ಮುಗಿದ ಮೇಲೆ ಎರಡು ನಿಮಿಷ ಸಿಗು” ಅಂತ ಹೇಳಿ ಪಾಠ ಮುಂದುವರಿಸಿ, ಸಿಕ್ಕಾಗ ನಿಂತಲ್ಲೇ ಮುಗಿಸಿ. ಅವರಿಗೆ ನಿಜವಾದ ಜವಾಬ್ದಾರಿ ಕೊಡಿ: ಲ್ಯಾಬಿನ ಕೀಲಿ, ಕಬಡ್ಡಿ ತಂಡ, ಸಣ್ಣ ಮಕ್ಕಳನ್ನು ಹಳ್ಳ ದಾಟಿಸುವುದು.

9. ಮನೆಗೆ ಮೊದಲ ಫೋನ್ ಒಳ್ಳೆಯ ಸುದ್ದಿಗೆ

ಜೂನ್ ಮುಗಿಯುವುದರೊಳಗೆ ಪ್ರತಿ ಮಗುವಿನ ಮನೆಗೂ ಒಂದು ಒಳ್ಳೆಯ ಮಾತು ಮುಟ್ಟಲಿ. “ಇವತ್ತು ಚೆನ್ನಾಗಿ ಓದಿದಳು”, ಅಷ್ಟೇ ಸಾಕು. ಸಿಗ್ನಲ್ ಸಿಗದ ಮನೆಗೆ ಚೀಟಿ ಬರೆದು ಕಳಿಸಿ. ಮುಂದೆ ದೂರು ಹೇಳಬೇಕಾಗಿ ಬಂದಾಗ ಅವರು ನಿಮ್ಮ ಮಾತು ಕೇಳುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಕ್ಕಳ ಹೆಸರು ಹಿಡಿದು ದೂರಬೇಡಿ. ಸೋರುವ ಹಂಚು, ಜಾರುವ ಸಂಕ, ಬಾಗಿಲಿಲ್ಲದ ಶೌಚಾಲಯ, ಇವುಗಳ ಮಾತು ಅಲ್ಲಿ ಎತ್ತಿ. ಅವು ಸರಿಯಾದರೆ ತರಗತಿಯೂ ಅಷ್ಟು ಹಗುರವಾಗುತ್ತದೆ.

10. ರಜೆ ಮುಗಿದ ಮೇಲೆ ಮತ್ತೆ ಮೊದಲಿನಿಂದ

ಜುಲೈಯಲ್ಲಿ ಮಳೆ ರಜೆ ಬರುತ್ತದೆ, ಕೆಲವೊಮ್ಮೆ ಸಾಲಾಗಿ ಮೂರು ನಾಲ್ಕು ದಿನ. ಆಮೇಲೆ ದಸರಾ ರಜೆ, ದೀಪಾವಳಿ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ. ಪ್ರತಿ ಸಲವೂ ಮಕ್ಕಳು ರೂಢಿ ಮರೆತು ಬರುತ್ತಾರೆ. “ಎಷ್ಟು ಸಲ ಹೇಳೋದು?” ಅನ್ನಬೇಡಿ. ಮೊದಲ ದಿನ ಅರ್ಧ ಗಂಟೆ ತೆಗೆದಿಟ್ಟು ಛತ್ರಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಿಸಿ, ಈ ಸಲ ಮಕ್ಕಳೇ ಒಬ್ಬರಿಗೊಬ್ಬರು ಕಲಿಸಲಿ. ಜಾತ್ರೆಯ ಮಾರನೇ ದಿನ ಹೊಸ ಪಾಠ ಶುರು ಮಾಡಬೇಡಿ. ತೊಟ್ಟಿಲು, ಬೆಂಡು ಬತ್ತಾಸು, ಕಳೆದುಹೋದ ತಂಗಿ, ಹೇಳುವುದಕ್ಕೆ ಅವರ ಹತ್ತಿರ ಬೇಕಾದಷ್ಟಿರುತ್ತದೆ. ಬರೆಸಿ. ಅದೇ ಅವತ್ತಿನ ಕನ್ನಡ ಪಾಠ.

ಕರೆಂಟ್ ಹೋಗಿ ಕೋಣೆ ಕತ್ತಲಾಗುವ ದಿನಕ್ಕೆ ಬಾಯಿಲೆಕ್ಕ, ಒಗಟು, ಕತೆ ಇರಲಿ. ಹೊರಗೆ ಆಡಲಾಗದ ವಾರದಲ್ಲಿ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ನಿಂತು ಕೈಕಾಲು ಆಡಿಸಲಿ. ಚಳಿಗೆ ಮೈ ಮುದುಡಿ ಕೂತ ಮಗು ಪಕ್ಕದವರನ್ನು ಗುದ್ದಿಯಾದರೂ ಬಿಸಿ ಮಾಡಿಕೊಳ್ಳುತ್ತದೆ.

11. ಒಬ್ಬರೇ ಹೊರಬೇಡಿ

ಕರೆದರೆ ತಿರುಗದ ಮಗುವಿಗೆ ಕಿವಿ ಸೋರುತ್ತಿರಬಹುದು, ಮಳೆಗಾಲದಲ್ಲಿ ಇದನ್ನು ನಾನು ಬಹಳ ಕಂಡಿದ್ದೇನೆ. ಬೋರ್ಡ್ ನೋಡದೆ ಪಕ್ಕದವರ ಪುಸ್ತಕ ಇಣುಕುವ ಮಗುವಿಗೆ ದೂರದ ಅಕ್ಷರ ಕಾಣದೆ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಈ ಮಕ್ಕಳನ್ನು ತಪ್ಪದೆ ತೋರಿಸಿ. ಚೆನ್ನಾಗಿದ್ದ ಮಗು ಒಮ್ಮೆಲೇ ಮೌನವಾದರೆ, ಮೈಮೇಲೆ ಗಾಯ ಕಂಡರೆ, ಮನೆಗೆ ಹೋಗಲು ಹೆದರಿದರೆ, ಅದು ತರಗತಿಯ ಶಿಸ್ತಿನ ವಿಷಯ ಅಲ್ಲ. ಮುಖ್ಯ ಶಿಕ್ಷಕರಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ನಂಬರನ್ನು ಮಕ್ಕಳಿಗೆ ಕಾಣುವ ಹಾಗೆ ಗೋಡೆಯ ಮೇಲೂ ಬರೆಸಿ.

ಉಳಿದ ಕಷ್ಟಗಳಿಗೆ ಪಕ್ಕದ ಕೋಣೆಯ ಹಿರಿಯರಿದ್ದಾರೆ, ಸುತ್ತಲಿನ ಶಾಲೆಗಳಿಗೆ ನೆರವಾಗುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದಾರೆ. “ನನ್ನ ತರಗತಿಗೆ ಬಂದು ಅರ್ಧ ಗಂಟೆ ಕೂತು ನೋಡಿ” ಅಂತ ಕೇಳಲು ನಾಚಬೇಡಿ. ನೀವೂ ಅವರ ತರಗತಿಯಲ್ಲಿ ಹೋಗಿ ಕೂರಿ.

12. ಸಂಜೆಯ ಹದಿನೈದು ನಿಮಿಷ

ಬೆಳಗಿನ ಜಗಲಿಯಷ್ಟೇ ಸಂಜೆಯ ಜಗಲಿಯೂ ಮುಖ್ಯ. ಗಂಟೆ ಹೊಡೆದ ತಕ್ಷಣ ಎಲ್ಲರನ್ನೂ ಒಟ್ಟಿಗೆ ಬಿಡಬೇಡಿ. ದೂರ ನಡೆಯುವವರು ಮೊದಲು, ಬಸ್ಸಿನವರು ಆಮೇಲೆ, ಹತ್ತಿರದವರು ಕೊನೆಗೆ. ಒಬ್ಬೊಬ್ಬರೇ ತಮ್ಮ ನಂಬರಿನ ಛತ್ರಿ ತೆಗೆದುಕೊಳ್ಳಲಿ, ಮಾಡಿನ ಅಂಚಿಗೆ ಬಂದು ಬಿಚ್ಚಲಿ. ಬೆಳಿಗ್ಗೆ ಬೈಸಿಕೊಂಡ ಮಗು ಯಾರಿದ್ದರೂ ಅದರ ಹತ್ತಿರ ಹೋಗಿ ಒಂದು ಒಳ್ಳೆಯ ಮಾತು ಆಡಿ, ಬೇಸರ ಹೊತ್ತುಕೊಂಡು ಮನೆಗೆ ಹೋಗುವುದು ಬೇಡ. ಹಳ್ಳ ದಾಟುವ ಮಕ್ಕಳು ಗುಂಪಿನಲ್ಲಿ ಹೊರಡಲಿ, ಮುಂದೊಬ್ಬ ದೊಡ್ಡವನು, ಹಿಂದೊಬ್ಬಳು ದೊಡ್ಡವಳು. ನೀರು ಏರಿದೆ ಅಂತ ಅನುಮಾನ ಬಂದರೆ ಯಾರನ್ನೂ ಕಳಿಸಬೇಡಿ, ಮನೆಯವರು ಬರುವವರೆಗೆ ನಿಮ್ಮ ಹತ್ತಿರವೇ ಇರಲಿ.

ಎಲ್ಲರೂ ಹೋದ ಮೇಲೆ ಒಂದು ನೋಟ್‌ಬುಕ್ ತೆಗೆದು ಮೂರು ಸಾಲು ಬರೆಯಿರಿ: ಇವತ್ತು ಯಾವ ಹೊತ್ತಿನಲ್ಲಿ ಗಲಾಟೆ ಆಯಿತು, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಯಾವ ಮಗುವಿನ ಜೊತೆ ನಾನು ಇವತ್ತು ಒಂದು ಮಾತೂ ಆಡಲಿಲ್ಲ. ನಾಳೆ ಬಾಗಿಲಲ್ಲಿ ನಿಂತಾಗ ಆ ಮಗುವಿನ ಹೆಸರನ್ನು ಮೊದಲು ಕರೆಯಿರಿ.